ಮೇಷ್ಟರ ಕೊನೆಯ ವಿದ್ಯಾರ್ಥಿನಿ

ಜೂನ್ 14

ಪ್ರೀತಿಯ ಗುಬ್ಬಿಗೆ, ಅಕ್ಕನ ಆಶೀರ್ವಾದ.

ನಿನ್ನ ಕಾಗದಗಳೆಲ್ಲ ಬಂದಿವೆ. ಉತ್ತರ ಬರಲಿಲ್ಲ ಅಂತ ಮುನಿಸಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ‘ನಾವೆಲ್ಲ ಚೆನ್ನಾಗಿದ್ದೇವೆ’ ಅಂತ ಕೈ ತಾನಾಗಿ ಬರೆದುಬಿಡುತ್ತಿತ್ತು. ಆ ಹಾಳೆ ಹರಿದು ಎದ್ದುಬಿಡುತ್ತಿದ್ದೆ. ಫೋನು ಮಾಡೋಣವೆಂದರೆ ನಿನ್ನ ಕಿವಿಯ ಕಥೆ ಗೊತ್ತೇ ಇದೆ. ನಾನು ಇಲ್ಲಿ ಅಳುತ್ತಿದ್ದರೆ ನೀನು ಅಲ್ಲಿಂದ ‘ಹೌದಾ, ಒಳ್ಳೇದಾಯ್ತು ಬಿಡು’ ಅನ್ನುತ್ತೀಯ. ಕಾಗದವೇ ವಾಸಿ.

ನಿನ್ನ ಭಾವ ಬಿದ್ದದ್ದು, ಆಸ್ಪತ್ರೆಗೆ ಸೇರಿಸಿದ್ದು, ಪಾರ್ಶ್ವವಾಯು ಅಂತ ಡಾಕ್ಟರು ಹೇಳಿದ್ದು, ಇಷ್ಟನ್ನು ಮಗ ನಿನಗೆ ಬರೆದಿದ್ದಾನಂತೆ. ಈಗ ಮನೆಗೆ ಕರೆದುಕೊಂಡು ಬಂದಿದ್ದೇವೆ. ಬಲಗೈ, ಬಲಗಾಲು ಇನ್ನೂ ಹೇಳಿದ ಮಾತು ಕೇಳುವುದಿಲ್ಲ. ಬಾಯಿ ಸ್ವಲ್ಪ ಓರೆಯಾಗಿದೆ. ಊಟ ಸೇರುತ್ತದೆ, ನಿದ್ದೆ ಬರುತ್ತದೆ. ಆದರೆ ಅವನು ನಿನಗೆ ಬರೆಯದೆ ಬಿಟ್ಟ ಸಂಗತಿ ಒಂದಿದೆ. ಬರೆಯೋಕೆ ಅವನಿಗೂ ಧೈರ್ಯ ಬಂದಿರಲಾರದು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟ ಮೇಲೆ ಎಷ್ಟೋ ದಿನ ಇವರು ಒಂದು ಮಾತೂ ಆಡಲಿಲ್ಲ. ನರ್ಸು ‘ಮೇಷ್ಟ್ರೇ, ನೀರು ಬೇಕಾ?’ ಅಂತ ಬಗ್ಗಿ ಕೇಳಿದರೆ ಗೋಡೆ ನೋಡಿದ ಹಾಗೆ ನೋಡುತ್ತಿದ್ದರು. ನಾನು ಕಿವಿಯ ಹತ್ತಿರ ಹೋಗಿ ‘ರೀ, ನಾನು ರೀ’ ಅಂದರೂ ಅಷ್ಟೆ. ಹೀಗಿರುವಾಗ ಒಂದು ಬೆಳಗ್ಗೆ ದೊಡ್ಡ ಡಾಕ್ಟರು ಹಿಂದೆ ಒಂದಷ್ಟು ಕಲಿಯುವ ಹುಡುಗರನ್ನು ಕಟ್ಟಿಕೊಂಡು ಬಂದರು. ಮಂಚದ ಪಕ್ಕ ನಿಂತು ಅವರಿಗೆ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದರು. ‘ಡಿಸ್ಕಸ್ ಅಬೌಟ್’ ಅಂದರಂತೆ. ಮಂಚದಿಂದ ಗೊಗ್ಗರು ದನಿಯಲ್ಲಿ ‘ಡಿಸ್ಕಸ್. ನೋ ಅಬೌಟ್’ ಅಂತ ಬಂತು! ಆ ಪದದ ಹಿಂದೆ ಅಬೌಟ್ ಸೇರಿಸಬಾರದು, ಅದು ತಪ್ಪು ಅಂತ ಅದರ ಅರ್ಥ. ಮಗ ಆಮೇಲೆ ಬಿಡಿಸಿ ಹೇಳಿದ. ಡಾಕ್ಟರು ಒಂದು ಕ್ಷಣ ತಬ್ಬಿಬ್ಬಾಗಿ, ‘ಸಾರಿ ಸರ್’ ಅಂದರು. ವಾರ್ಡಿಗೆ ವಾರ್ಡೇ ನಕ್ಕಿತು. ನಾನು ಅವರ ಕಾಲು ಹಿಡಿದುಕೊಂಡು ಅತ್ತೆ. ಮಾತು ಬಂತಲ್ಲ, ಇನ್ನೇನು ಬೇಕು ಅಂತ.

ಬಂದದ್ದು ಇಂಗ್ಲಿಷು ಮಾತ್ರ, ಗುಬ್ಬಿ. ನಮ್ಮ ಮಾತು ಬರಲೇ ಇಲ್ಲ.

ಕೆಲವರಿಗೆ ಹೀಗಾಗುತ್ತದಂತೆ. ‘ತೊಟ್ಟಿಲಲ್ಲಿ ಕಲಿತ ಭಾಷೆ ಹೋಗಿ, ಆಮೇಲೆ ಶಾಲೆಯಲ್ಲಿ ಕಲಿತದ್ದು ಉಳಿಯೋದು ಉಂಟು ಅಮ್ಮ. ವಾಪಸ್ಸು ಬರಬಹುದು, ಬರದೇನೂ ಇರಬಹುದು’ ಅಂದರು ಡಾಕ್ಟರು. ಈಗ ಮನೆಗೆ ಒಬ್ಬಳು ಹುಡುಗಿ ಬರುತ್ತಾಳೆ. ಮಾತು ಹೋದವರಿಗೆ ಮಾತು ಕಲಿಸುವುದೇ ಅವಳ ಕೆಲಸ. ನಾನು ಅವಳನ್ನು ಮಾತಿನ ಹುಡುಗಿ ಅನ್ನುತ್ತೇನೆ. ಬಾಚಣಿಗೆ, ಛತ್ರಿ, ಬೀಗದ ಕೈ, ಹೀಗೆ ಚಿತ್ರದ ಕಾರ್ಡು ತೋರಿಸಿ, ಇದಕ್ಕೆ ಏನಂತಾರೆ ಅಂತ ಕೇಳುತ್ತಾಳೆ. ನಮ್ಮ ಭಾಷೆಯಲ್ಲಿ ಕೇಳಿದರೆ ಮುಖ ಖಾಲಿ. ಇಂಗ್ಲಿಷಿನಲ್ಲಿ ಕೇಳಿದರೆ ಪಟಪಟ ಅಂತ ಉತ್ತರ. ವ್ಯಾಕರಣದ ಪರೀಕ್ಷೆ ಕೊಟ್ಟಳು. ನಿನಗೆ ಗೊತ್ತಲ್ಲ, ನಿವೃತ್ತಿಯಾದ ಮೇಲೂ ಇವರು ಪರೀಕ್ಷೆಯ ಪುಸ್ತಕ ಮಾಡುವವರಿಗೆ ಪ್ರಶ್ನೆ ಬರೆದುಕೊಡುತ್ತಿದ್ದರು. ಬಿಟ್ಟ ಸ್ಥಳ ತುಂಬಿ, ತಪ್ಪಿದ್ದರೆ ತಿದ್ದಿ, ಸರಿಯಾದ ಪದ ಆರಿಸಿ. ಆ ಹುಡುಗಿ ತಂದ ಹಾಳೆಯೂ ಅಂಥದ್ದೇ. ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಎಲ್ಲ ಸರಿ ಮಾಡಿದ್ದಲ್ಲದೆ, ಅವಳ ಪ್ರಶ್ನೆಯಲ್ಲೇ ಒಂದು ತಪ್ಪು ಹುಡುಕಿ ಸುತ್ತು ಹಾಕಿ ಕೊಟ್ಟರು. ‘ಆಂಟಿ, ನನ್ನನ್ನೇ ಫೇಲ್ ಮಾಡ್ಬಿಟ್ರು!’ ಅಂತ ನಕ್ಕಳು ಪಾಪ.

ನಾನೂ ನಕ್ಕೆ. ಆಮೇಲೆ ಹೊಲಿಗೆ ಯಂತ್ರದ ಮುಂದೆ ಕೂತರೆ ದಾರ ಪೋಣಿಸಲು ಕಣ್ಣೇ ಕಾಣಲಿಲ್ಲ.

ಇವರು ಎಂಥ ಮಾತುಗಾರರು ಅಂತ ನೀನು ಕಂಡಿದ್ದೀಯ. ಶಾಲೆಯಿಂದ ಬಂದು ಬೂಟು ಬಿಚ್ಚುವ ಮೊದಲೇ ಶುರು. ಯಾವ ಹುಡುಗ ಏನು ಬರೆದ, ಹೆಡ್‌ಮಾಸ್ಟರು ಹೇಗೆ ಸಿಡುಕಿದರು, ಎಲ್ಲವನ್ನೂ ಅವರವರ ದನಿಯಲ್ಲೇ ಆಡಿ ತೋರಿಸುತ್ತಿದ್ದರು. ನಾನು ಯಂತ್ರ ತುಳಿಯುತ್ತಾ ಕೇಳುತ್ತಿದ್ದೆ. ಮದುವೆಯಾದ ಹೊಸದರಲ್ಲಿ ‘ನನಗೂ ಇಂಗ್ಲಿಷ್ ಕಲಿಸಿ’ ಅಂದಿದ್ದೆ. ‘ದಿನವೆಲ್ಲಾ ಅದೇ ಆಗುತ್ತೆ ಮಾರಾಯ್ತಿ, ಮನೆಗೆ ಬಂದ್ರೆ ನಿನ್ನ ಮಾತು ಕೇಳೋದೇ ನನಗೆ ಸುಖ’ ಅಂದಿದ್ದರು. ಎಷ್ಟು ಹಿಗ್ಗಿದ್ದೆ ಆಗ! ಈಗ ನನ್ನ ಮಾತು ಅವರಿಗೆ ನಲ್ಲಿಯಲ್ಲಿ ನೀರು ಬಿದ್ದ ಹಾಗೆ ಬರೀ ಸದ್ದು. ಅವರ ಮಾತು ನನಗೂ ಹಾಗೇ. ಒಂದೇ ಕೋಣೆಯಲ್ಲಿ ಇಬ್ಬರು ಮೂಕರು.

ಹಾಗಾಗಿ ಒಂದು ತೀರ್ಮಾನ ಮಾಡಿದ್ದೇನೆ. ನೀನು ನಗಬೇಡ. ಅವರ ಭಾಷೆ ನನ್ನ ಕಡೆ ಬರದಿದ್ದರೆ ನಾನೇ ಅದರ ಕಡೆ ಹೋಗುತ್ತೇನೆ. ಕಪಾಟಿನಲ್ಲಿ ಅವರು ಬರೆದ ಪರೀಕ್ಷೆಯ ಪುಸ್ತಕಗಳು ಹೇರಳವಾಗಿ ಬಿದ್ದಿವೆ. ನಾಳೆಯಿಂದ ನಾನೂ ಬಿಟ್ಟ ಸ್ಥಳ ತುಂಬುವವಳು.

ಮಕ್ಕಳಿಗೆ ನನ್ನ ಮುತ್ತು. ಅವರಪ್ಪನಿಗೆ ಹೇಳು, ಸಿಗರೇಟು ಬಿಡಬೇಕಂತೆ, ಅಕ್ಕ ಆಣೆ ಹಾಕಿದಾಳೆ ಅಂತ.

ನಿನ್ನ
ಅಕ್ಕ


ಅಕ್ಟೋಬರ್ 2

ನನ್ನ ಗುಬ್ಬಿಗೆ,

ಮತ್ತೆ ತಡವಾಯಿತು. ಈ ಸಲದ ನೆಪ ಮಾತ್ರ ಬೇರೆ. ನನಗೆ ಓದು ಇತ್ತು! ಹೌದು, ಮೊಮ್ಮಕ್ಕಳು ಹೇಳುವ ಮಾತನ್ನು ನಾನು ಹೇಳುತ್ತಿದ್ದೇನೆ.

ಮೊದಲ ದಿನ ನನ್ನ ಪುಸ್ತಕ ತೆಗೆದುಕೊಂಡು ಹೋಗಿ ಅವರ ಕುರ್ಚಿಯ ಮುಂದೆ ಕೂತೆ. ಎರಡು ಸಾಲು ಬರೆದು ತೋರಿಸಿದೆ. ಎಡಗೈಯಲ್ಲಿ ಕೆಂಪು ಪೆನ್ಸಿಲ್ ಹಿಡಿದು, ಬಹಳ ಹೊತ್ತು ನೋಡಿ, ಅಡ್ಡಕ್ಕೆ ಒಂದು ಗೀಟು ಎಳೆದು ಸೊನ್ನೆ ಬರೆದರು. ಆದರೆ ಬಿದ್ದಾಗಿನಿಂದ ಮೊದಲ ಸಲ ಅವರ ಕಣ್ಣಿಗೆ ಜೀವ ಬಂದದ್ದನ್ನು ಕಂಡೆ. ಆ ಸೊನ್ನೆಗೆ ನಾನು ಎಂಥ ಬಹುಮಾನವನ್ನಾದರೂ ಬಿಟ್ಟುಕೊಡುತ್ತಿದ್ದೆ.

ಈಗ ದಿನಾ ಮಧ್ಯಾಹ್ನ ಪಾಠ. ಹೊಲಿಗೆ ಯಂತ್ರದ ಮೇಲೆ, ಅಡುಗೆಮನೆ ಡಬ್ಬಗಳ ಮೇಲೆ ಪದಗಳನ್ನು ಬರೆದು ಅಂಟಿಸಿದ್ದೇನೆ. ಮಹಡಿ ಮನೆಯಾಕೆ ಬಂದವಳು ‘ಇದೇನ್ರೀ, ಮನೆಗೆಲ್ಲ ಲೇಬಲ್ ಹಚ್ಚಿ ಮಾರಾಟಕ್ಕೆ ಇಟ್ಟಿದೀರಾ?’ ಅಂದಳು. ಅವಳಿಗೇನು ಗೊತ್ತು ನನ್ನ ಪಾಡು! ನಮ್ಮಲ್ಲಿ ‘ನೋಡು’ ಅಂದರೆ ಮುಗಿಯಿತು. ಅಲ್ಲಿ ಲುಕ್ ಬೇರೆ, ಸೀ ಬೇರೆ, ವಾಚ್ ಬೇರೆ. ಟೀವಿಗೆ ಒಂದು, ಗಡಿಯಾರಕ್ಕೆ ಒಂದು, ಮನುಷ್ಯರ ಮುಖಕ್ಕೆ ಇನ್ನೊಂದು. ಪ್ರತಿ ಹೆಸರಿನ ಮುಂದೆ ಎ ಅಂತಲೋ ಆ್ಯನ್ ಅಂತಲೋ ದ ಅಂತಲೋ ಕಾವಲುಗಾರ ನಿಂತಿರಲೇಬೇಕು. ಒಂದು ಪುಟದಲ್ಲಿ ನಾನು ಮರೆತ ಕಾವಲುಗಾರರನ್ನೆಲ್ಲ ಅವರು ಕೆಂಪಿನಲ್ಲಿ ಸೇರಿಸಿದಾಗ ಪುಟಕ್ಕೆ ದಡಾರ ಎದ್ದ ಹಾಗೆ ಇತ್ತು.

ಒಂದು ಉಪಾಯ ಕಂಡುಕೊಂಡಿದ್ದೇನೆ, ಕೇಳು. ಮಾತ್ರೆ ನುಂಗಲು ಬಲು ಹಟ ಮಾಡುತ್ತಿದ್ದರು. ಒಂದು ದಿನ ನಾನು ‘ಈಟ್ ಟ್ಯಾಬ್ಲೆಟ್’ ಅಂದೆ. ‘ಟೇಕ್! ಟೇಕ್ ದ ಟ್ಯಾಬ್ಲೆಟ್!’ ಅಂತ ಸಿಟ್ಟಿನಿಂದ ತಿದ್ದಿ, ಹೇಗೆ ಅಂತ ತೋರಿಸಲು ತಾವೇ ಬಾಯಿಗೆ ಹಾಕಿಕೊಂಡರು! ಈಗ ದಿನಾ ತಪ್ಪು ಹೇಳುತ್ತೇನೆ, ದಿನಾ ಔಷಧ ಒಳಗೆ ಹೋಗುತ್ತದೆ.

ನನ್ನನ್ನು ‘ಗರ್ಲ್’ ಅಂತ ಕರೆಯುತ್ತಾರೆ. ‘ಗರ್ಲ್, ಸಿಟ್ ಸ್ಟ್ರೇಟ್. ಗರ್ಲ್, ಯುವರ್ ಸ್ಪೆಲಿಂಗ್.’ ಕೂದಲು ಬೆಳ್ಳಗಾದ ಹುಡುಗಿ! ಬೆಳಗ್ಗೆ ಔಷಧದ ಅಂಗಡಿ ತೆರೆಯುವ ಮೊದಲು ಮಗ ದಿನಾ ಬಂದು ಅಪ್ಪನಿಗೆ ಸ್ನಾನ ಮಾಡಿಸಿ ಹೋಗುತ್ತಾನೆ. ಅವನಿಗೆ ಇದನ್ನು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನು ನಗಲಿಲ್ಲ. ‘ಹೊತ್ತಾಯ್ತಮ್ಮ’ ಅಂತ ಎದ್ದ. ಅವನಿಗೂ ಸುಸ್ತು, ನನಗೆ ಗೊತ್ತಾಗುತ್ತದೆ.

ಕಳೆದ ವಾರ ಮಾತಿನ ಹುಡುಗಿ ನನಗೆ ನಿಜವಾದ ಪರೀಕ್ಷೆಯನ್ನೇ ಇಟ್ಟಳು. ಅವರ ಮೇಜಿನ ಮುಂದೆ ಕೂರಿಸಿದಳು, ಅವರು ಕಾವಲಿಗೆ. ಗಾಲಿ ಕುರ್ಚಿಯನ್ನು ಒಂದೇ ಕೈಯಲ್ಲಿ ತಳ್ಳಿಕೊಂಡು ನನ್ನ ಹಿಂದೆ ಮುಂದೆ ಓಡಾಡಿದರು. ನಾನು ಬಗ್ಗಿ ಅವಳ ಕಡೆ ನೋಡಿದ್ದಕ್ಕೆ ‘ನೋ ಕಾಪಿಯಿಂಗ್!’ ಅಂತ ಗದರಿದರು. ಪಾಸಾದೆ, ಗುಬ್ಬಿ. ಪುಟದ ಕೆಳಗೆ ‘ಗುಡ್’ ಅಂತ ಬರೆದು ಸಹಿ ಹಾಕಿದರು. ಎಡಗೈಯ ಸಹಿ, ಸೊಟ್ಟಗೆ, ಹುಳ ಹರಿದ ಹಾಗೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಸಂತೋಷಕ್ಕೋ ಸಂಕಟಕ್ಕೋ ಹೇಳಲಾರೆ. ಇಷ್ಟು ವರ್ಷದ ಸಂಸಾರದಲ್ಲಿ ನಾನು ಹೇಳಿದ್ದನ್ನು ಇವರು ಯಾವತ್ತಾದರೂ ಇಷ್ಟು ಗಮನವಿಟ್ಟು ಕೇಳಿದ್ದುಂಟೇ ಅಂತ ಅನ್ನಿಸಿತು. ಮರುಕ್ಷಣ, ಅಯ್ಯೋ, ಅವರು ಆಡುತ್ತಿದ್ದ ಆ ಮಾತಿನ ಒಂದೇ ಒಂದು ಸಂಜೆ ವಾಪಸ್ಸು ಸಿಕ್ಕರೆ ಈ ಪುಸ್ತಕವನ್ನೆಲ್ಲ ಒಲೆಗೆ ಹಾಕಿಯೇನು ಅನ್ನಿಸಿತು.

ಇಂದು ಇಷ್ಟು ಸಾಕು. ಹೋಂವರ್ಕ್ ಇದೆ.

ಅಕ್ಕ


ಫೆಬ್ರವರಿ 20

ಪ್ರೀತಿಯ ಗುಬ್ಬಿ,

ಮಗಳಿಗೆ ಕೆಲಸ ಸಿಕ್ಕಿದ ಸುದ್ದಿ ಓದಿ ಬಹಳ ಸಂತೋಷವಾಯಿತು. ಆಗಲೇ ಎರಡು ಸಾಲು ಬರೆಯಬೇಕಿತ್ತು, ಬರೆಯಲಾಗಲಿಲ್ಲ. ಕ್ಷಮಿಸು. ಅವಳ ಅಳತೆ ಕಳಿಸು. ಕೆಲಸಕ್ಕೆ ಹಾಕಿಕೊಂಡು ಹೋಗಲು ಒಂದು ಒಳ್ಳೆಯ ಕೋಟು ಹೊಲಿದು ಕಳಿಸುತ್ತೇನೆ. ನೀಲಿ ಬಟ್ಟೆ ಎತ್ತಿಟ್ಟಿದ್ದೇನೆ.

ನಿನ್ನ ಭಾವ ಈಗ ಕೋಲು ಹಿಡಿದು ಕಿಟಕಿಯ ತನಕ ನಡೆಯುತ್ತಾರೆ. ರಕ್ತದೊತ್ತಡ ಹತೋಟಿಗೆ ಬಂದಿದೆ. ಬಾಯಿಯ ಓರೆ ಹೆಚ್ಚುಕಡಿಮೆ ಹೋಗಿದೆ. ದೂರದಿಂದ ನೋಡಿದವರಿಗೆ ಏನೂ ಆಗಿಲ್ಲ ಅನ್ನಿಸಬೇಕು, ಅಷ್ಟು ಚೆನ್ನಾಗಿ ಕಾಣುತ್ತಾರೆ. ಡಾಕ್ಟರು ಮೊನ್ನೆ ಇನ್ನೊಂದು ಸಲ ತಲೆಯ ಚಿತ್ರ ತೆಗೆಸಿದರು. ಈ ದೊಡ್ಡ ಪೆಟ್ಟು ಬೀಳುವ ಮೊದಲೇ ಮಿದುಳಿಗೆ ಸಣ್ಣಪುಟ್ಟ ಪೆಟ್ಟುಗಳು ಆಗಿದ್ದವಂತೆ, ನಮ್ಮ ಗಮನಕ್ಕೆ ಬಂದಿರಲಿಲ್ಲ. ‘ಇರೋದನ್ನ ಕಾಪಾಡಿಕೊಳ್ಳೋಣ ಅಮ್ಮ’ ಅಂದರು. ಅಂದರೆ ಹೋದದ್ದು ಹೋಯಿತು ಅಂತ ತಾನೇ.

ನನ್ನ ಓದು ನಡೆದಿದೆ. ಈ ತಿಂಗಳು ಸರ್ವನಾಮ ಮುಗಿಸಿದೆ. ಎದುರಿಗಿದ್ದವರಿಗೆ ಯೂ, ಅಲ್ಲಿಲ್ಲದವರಿಗೆ ಹೀ, ಶೀ. ಇದನ್ನು ತಿಳಿಸಲು ಅವರು ಪಟ್ಟ ಪಾಡು ನೋಡಬೇಕಿತ್ತು. ನನ್ನ ಕಡೆ ಬೆರಳು ತೋರಿಸಿ ‘ಯೂ’, ಕಿಟಕಿಯಾಚೆ ಹೋಗುವ ಹೆಂಗಸಿನ ಕಡೆ ತೋರಿಸಿ ‘ಶೀ’. ಆ ಹೆಂಗಸು ಗಾಬರಿಯಾಗಿ ಹೆಜ್ಜೆ ಜೋರು ಮಾಡಿದಳು! ಆಮೇಲೆ ಆಗಿಹೋದ ಕೆಲಸ, ಇನ್ನೂ ಆಗದ ಕೆಲಸ. ಬಂದಿದ್ದಾಳೆ, ಇನ್ನೂ ಬಂದಿಲ್ಲ. ಹ್ಯಾಸ್, ಹ್ಯಾವ್, ಕೊನೆಗೆ ಒಂದು ‘ಯೆಟ್’. ಆ ಯೆಟ್ ನನಗೆ ಇಷ್ಟವಾಯಿತು. ‘ಇನ್ನೂ’ ಅಂತ ಅದರ ಅರ್ಥ. ಚಿಕ್ಕ ಪದ, ಆದರೆ ಆಸೆ ಬಿಡದ ಪದ.

ಬೇರೆ ವಿಶೇಷವೇನೂ ಇಲ್ಲ. ಚಳಿಗೆ ಕಿವಿ ಮುಚ್ಚಿಕೋ. ನೀನು, ನಿನ್ನ ಮಕ್ಕಳು, ಮನೆಯವರು ನೂರು ಕಾಲ ಒಬ್ಬರ ಮಾತು ಒಬ್ಬರು ಕೇಳಿಕೊಂಡು ಬಾಳಿ. ಕಿವಿ ಕೇಳಿಸದಿದ್ದರೂ ಪರವಾಗಿಲ್ಲ, ಜಗಳವಾಡುತ್ತಾದರೂ ಕೇಳಿಕೊಂಡು ಬಾಳಿ.

ಎಂದೆಂದೂ ನಿನ್ನ
ಅಕ್ಕ

ತಾ.ಕ. ಲಕೋಟೆ ಅಂಟಿಸಿಬಿಟ್ಟಿದ್ದೆ. ಮತ್ತೆ ಹರಿದೆ. ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ?

ಮನೆಗೆ ಬಂದ ದಿನದಿಂದಲೂ ಸಂಜೆ ದೀಪ ಹಾಕುವ ಹೊತ್ತಿಗೆ ಅವರು ಬಾಗಿಲ ಕಡೆ ತಿರುಗಿ ಒಂದು ಮಾತು ಕೇಳುತ್ತಾರೆ. ದಿನಾ ಅದೇ ಮಾತು. ನನಗೆ ಅರ್ಥವಾಗುತ್ತಿರಲಿಲ್ಲ. ಒಂದು ಸಂಜೆ ಮನೆಗೆ ಬಂದಿದ್ದ ಮಗನನ್ನು ಕೇಳಿದಾಗ ‘ನಿನ್ನ ಬಗ್ಗೇನೇ ಅಮ್ಮ, ಕೆಲಸ ಮುಗೀತಾ ಅಂತ’ ಅಂದಿದ್ದ. ಆಮೇಲೆ ಆ ಹೊತ್ತು ನನಗೆ ದಿನದಲ್ಲೆಲ್ಲ ಸಿಹಿಯಾದ ಹೊತ್ತಾಯಿತು. ಎಲ್ಲಿದ್ದರೂ ಓಡಿ ಬಂದು ನಮ್ಮ ಭಾಷೆಯಲ್ಲೇ ‘ಮುಗೀತು ರೀ, ಬಂದೆ’ ಅನ್ನುತ್ತಿದ್ದೆ. ಇಷ್ಟು ತಿಂಗಳು ಹಾಗೇ ಅಂದುಕೊಂಡು ಬಂದೆ.

ಯೆಟ್ ಪಾಠವಾದ ಸಂಜೆ ಅವರು ಎಂದಿನಂತೆ ಬಾಗಿಲ ಕಡೆ ತಿರುಗಿದರು. ‘ಹ್ಯಾಸ್ ಶೀ ನಾಟ್ ರಿಟರ್ನ್ಡ್ ಯೆಟ್?’ ಒಂದೊಂದು ಪದವೂ ಕಳಚಿ ಬಂದು ನನ್ನ ಮುಂದೆ ನಿಂತಿತು. ಅವಳು ಇನ್ನೂ ವಾಪಸ್ಸು ಬಂದಿಲ್ಲವಾ?

ಯೂ ಅಲ್ಲ, ಗುಬ್ಬಿ. ಶೀ.

‘ಹೂ ಶೀ?’ ಅಂದೆ. ‘ಹೂ ಈಸ್ ಶೀ’ ಅಂತ ತಿದ್ದಿದರು. ಆಮೇಲೆ ‘ಮೈ ವೈಫ್’ ಅಂದರು. ದಡ್ಡ ಹುಡುಗಿಗೆ ಹೇಳುವ ಹಾಗೆ ನಿಧಾನವಾಗಿ, ಸುಲಭದ ಪದ ಹುಡುಕಿ ಹುಡುಕಿ ಹೇಳಿದರು. ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಪರದೆ ಕೊಟ್ಟು ಬರಲು ಹೋಗಿದ್ದಾಳೆ. ಬೇಗ ಬರುತ್ತೇನೆ ಅಂದಿದ್ದಳು. ಕತ್ತಲಾಯಿತು. ಹೇಳಿದ ಹೊತ್ತಿಗೆ ಬಾರದೆ ಇರುವವಳಲ್ಲ ಅವಳು.

ಆ ದಿನ ಅವರು ಬಿದ್ದಾಗ ನಾನು ಮನೆಯಲ್ಲಿ ಇರಲಿಲ್ಲ. ಆ ಪರದೆಗಳನ್ನು ಕೊಡಲು ಹೋಗಿದ್ದೆ. ವಾಪಸ್ಸು ಬಂದಾಗ ನೆಲದ ಮೇಲೆ ಬಿದ್ದಿದ್ದರು. ನಾನು ಬಂದೆ, ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡೆ, ಕೂಗಿ ಜನ ಸೇರಿಸಿದೆ. ಆದರೆ ಅವರ ಪಾಲಿಗೆ ನಾನು ಇನ್ನೂ ಬಂದೇ ಇಲ್ಲ.

ಎದೆಯ ಮೇಲೆ ಕೈಯಿಟ್ಟುಕೊಂಡು ‘ಶೀ ಈಸ್ ಕಮ್’ ಅಂದೆ. ಬೇರೆ ಹೇಗೆ ಹೇಳಬೇಕೋ ತೋಚಲಿಲ್ಲ. ‘ಶೀ ಹ್ಯಾಸ್ ಕಮ್’ ಅಂತ ತಿದ್ದಿದರು. ತಿದ್ದಿದ ಮೇಲೆ ಅರ್ಥ ಹೊಳೆದು ಮುಖವೆಲ್ಲ ಅರಳಿತು. ಕುರ್ಚಿಯಲ್ಲೇ ನೆಟ್ಟಗಾದರು. ನನ್ನ ಹೆಗಲ ಮೇಲಿಂದ ಬಾಗಿಲ ಕಡೆ ನೋಡಿದರು. ನೋಡುತ್ತಲೇ ಇದ್ದರು. ಅಲ್ಲಿ ಯಾರೂ ಇರಲಿಲ್ಲ.

ಮಾರನೆಯ ದಿನ, ಅವರು ಬಿದ್ದ ದಿನ ಉಟ್ಟಿದ್ದ ಬಟ್ಟೆಯನ್ನೇ ಉಟ್ಟು, ಅದೇ ಚೀಲ ಹಿಡಿದು, ಹಿಂದಿನ ಬಾಗಿಲಿಂದ ಹೋಗಿ ಮುಂದಿನ ಬಾಗಿಲಿಂದ ಒಳಗೆ ಬಂದೆ. ಹುಚ್ಚು ಅನ್ನು. ‘ರೀ, ಬಂದೆ’ ಅಂದೆ. ‘ಕ್ಲಾಸ್ ಈಸ್ ಓವರ್, ಗರ್ಲ್. ಕಮ್ ಟುಮಾರೋ’ ಅಂದರು.

ಮಗನನ್ನು ಹಿಡಿದು ಕೇಳಿದೆ. ‘ಹೇಗಮ್ಮ ಹೇಳಲಿ? ನಿನ್ನ ಬಗ್ಗೇನೇ ಕೇಳ್ತಾರೆ ಅಂದೆನಲ್ಲ, ಅದು ಸುಳ್ಳಾ?’ ಅಂತ ಅಷ್ಟು ದೊಡ್ಡ ಗಂಡಸು ನನ್ನ ಮಡಿಲಲ್ಲಿ ಮುಖವಿಟ್ಟು ಅತ್ತ. ಮಾತಿನ ಹುಡುಗಿಗೂ ಗೊತ್ತಿತ್ತಂತೆ. ಯಾರ ಮೇಲೆ ಸಿಟ್ಟು ಮಾಡಲಿ? ಸುಳ್ಳಲ್ಲ ಅದು. ನನಗಾಗಿಯೇ ಕಾಯುತ್ತಿದ್ದಾರೆ. ನನ್ನ ಮುಂದೆಯೇ ಕೂತು ನನಗಾಗಿ ಕಾಯುತ್ತಿದ್ದಾರೆ. ಕೆಲವು ಸಂಜೆ ಆ ಪರದೆ ಕೊಡಲು ಹೋದವಳ ಮೇಲೆ ಸವತಿಯ ಮೇಲೆ ಬಂದ ಹಾಗೆ ಹೊಟ್ಟೆಕಿಚ್ಚು ಬರುತ್ತದೆ.

ಪಾಠ ಬಿಟ್ಟಿಲ್ಲ. ಬಿಟ್ಟರೆ ಅವರ ಹತ್ತಿರ ಕೂರಲು ನನಗೆ ಬೇರೆ ದಾರಿಯಿಲ್ಲ. ನಿನ್ನೆ ಮಧ್ಯಾಹ್ನ ಮುಗಿಸಿ ನಾನು ಏಳುತ್ತಿದ್ದಾಗ ಕೈ ಎತ್ತಿ ತಡೆದರು. ಯಾರಿಗೂ ಕೇಳಿಸಬಾರದು ಅನ್ನುವ ಹಾಗೆ ದನಿ ತಗ್ಗಿಸಿ, ‘ಇಫ್ ಯೂ ಮೀಟ್ ಹರ್ ಆನ್ ದ ವೇ, ಟೆಲ್ ಹರ್ ಐ ಆಮ್ ವೇಟಿಂಗ್’ ಅಂದರು.

ಇಫ್ ಹಾಕಿ ಹೇಳುವ ವಾಕ್ಯಗಳ ಪಾಠ ನನಗೆ ಇನ್ನೂ ಆಗಿಲ್ಲ, ಗುಬ್ಬಿ. ಆದರೂ ಒಂದಕ್ಷರ ಬಿಡದೆ ಅರ್ಥವಾಯಿತು. ದಾರಿಯಲ್ಲಿ ಅವಳು ಸಿಕ್ಕರೆ, ನಾನು ಕಾಯುತ್ತಿದ್ದೇನೆ ಅಂತ ಹೇಳು.

‘ಯೆಸ್ ಸರ್’ ಅಂದೆ. ಪುಸ್ತಕ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಅವರ ಗಂಜಿಗೆ ನೀರಿಟ್ಟೆ.